ಅರ್ಜಿ ಒಪ್ಪಿಕೊಂಡ ಮಾತ್ರಕ್ಕೆ ಲೆಕ್ಕ ಸರಿಯಾಯಿತೇ?



ಬೆಳೆ ವಿಮೆಯಿರಲಿ, ಸಹಾಯಧನವಿರಲಿ, ಬ್ಯಾಂಕಿನ ಸಾಲವಿರಲಿ, ಈಗ ಬಹುಪಾಲು ಅರ್ಜಿಗಳನ್ನು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ತುಂಬಬೇಕಾಗಿದೆ. ಕಾಗದದ ಅರ್ಜಿ ನಾವು ಏನು ಬರೆದರೂ ಸುಮ್ಮನಿರುತ್ತಿತ್ತು. ಇದು ಹಾಗಲ್ಲ. ಕೊಟ್ಟ ಉತ್ತರ ನೋಡಿಕೊಂಡು ಮುಂದಿನ ಕಾಲಂ ತೆರೆಯುತ್ತದೆ, ಬೇಡವಾದದ್ದನ್ನು ಮರೆಮಾಡುತ್ತದೆ, ತನಗೆ ಒಪ್ಪಿಗೆಯಾಗದ್ದನ್ನು ಕೆಂಪು ಅಕ್ಷರದಲ್ಲಿ ಹಿಂದಕ್ಕೆ ತಳ್ಳುತ್ತದೆ. ಹಾಗೆ ತಳ್ಳಿದಾಗ ನಮ್ಮ ಬೆಳೆಗಾರರಲ್ಲಿ ಅನೇಕರು ಅದು ಒಪ್ಪುವ ತನಕ ಅಂಕಿಯನ್ನು ತಿದ್ದುತ್ತಾ ಹೋಗುತ್ತಾರೆ. ಈ ಅಭ್ಯಾಸ ನಮ್ಮ ಬುಡಕ್ಕೇ ಕೊಡಲಿ ಎಂಬುದು ನಮ್ಮ ಅಭಿಪ್ರಾಯ.

ಒಪ್ಪುವುದು, ತಳ್ಳುವುದು ಅಧಿಕಾರಿಯ ಕೆಲಸವಲ್ಲ. ಅರ್ಜಿಯ ಹಿಂದೆ ಅದನ್ನು ತಯಾರಿಸಿದವರು ಬರೆದಿಟ್ಟ ಸಣ್ಣ ಸಣ್ಣ ಸೂಚನೆಗಳಿರುತ್ತವೆ. ಇವಕ್ಕೆ ಸ್ಕ್ರಿಪ್ಟ್ ಎನ್ನುತ್ತಾರೆ. ಈ ಕಾಲಂ ಖಾಲಿ ಇರಕೂಡದು, ಇಲ್ಲಿ ಅಂಕಿ ಮಾತ್ರ ಬರಬೇಕು, ಪಿನ್‌ಕೋಡ್ 6 ಅಂಕಿಯದಾಗಿರಬೇಕು, ಇಂಥವು. ಕೆಲವು ನಾವು ಕಾಲಂ ಬಿಟ್ಟು ಮುಂದಕ್ಕೆ ಹೋದೊಡನೆ ಕೆಲಸ ಮಾಡುತ್ತವೆ, ಕೆಲವು ಕೊನೆಯಲ್ಲಿ ‘ಸಲ್ಲಿಸು’ ಒತ್ತಿದಾಗ. ಅಲ್ಲಿಂದ ಹೋದ ಅರ್ಜಿಯನ್ನು ಕಚೇರಿಯ ಕಂಪ್ಯೂಟರು ಮತ್ತೊಮ್ಮೆ ಪರೀಕ್ಷಿಸಬೇಕು, ಏಕೆಂದರೆ ನಮ್ಮ ಮೊಬೈಲಿನಲ್ಲಿ ನಡೆಯುವ ತಪಾಸಣೆಯನ್ನು ಬಲ್ಲವರು ತಪ್ಪಿಸಿಬಿಡಬಹುದು. ಎರಡು ಕಡೆಯ ನಿಯಮ ಒಂದೇ ಆಗಿರದಿದ್ದರೆ, ಇಲ್ಲಿ ಒಪ್ಪಿದ ಅರ್ಜಿ ಅಲ್ಲಿ ತಿರಸ್ಕೃತವಾಗುತ್ತದೆ.

ತಪಾಸಣೆಯೇ ಬೇಡ ಎಂದು ವಾದಿಸುವವರೂ ನಮ್ಮಲ್ಲಿದ್ದಾರೆ. ನಾವು ಒಪ್ಪುವುದಿಲ್ಲ. ಆಧಾರ್ ಸಂಖ್ಯೆಯನ್ನೇ ನೋಡಿ. 12 ಅಂಕಿಗಳಲ್ಲಿ ಕೊನೆಯದು ಉಳಿದ 11ರಿಂದ ಲೆಕ್ಕ ಹಾಕಿ ಬಂದದ್ದು. ಈ ಲೆಕ್ಕದ ಕ್ರಮವನ್ನು 1969ರಲ್ಲಿ ಪ್ರಕಟಿಸಿದವರು ಹಾಲೆಂಡಿನ ಗಣಿತಜ್ಞ ಫರ್ಹೂಫ್. ಒಂದು ಅಂಕಿ ತಪ್ಪಾದರೂ, ಪಕ್ಕಪಕ್ಕದ ಎರಡು ಬೇರೆ ಅಂಕಿಗಳು ಅದಲು ಬದಲಾದರೂ ತಾಳೆ ತಪ್ಪುತ್ತದೆ. ಆದರೆ ಬೇರೆಯವರ ಆಧಾರ್ ಸಂಖ್ಯೆಯನ್ನು ಸರಿಯಾಗಿ ಬರೆದರೆ ಈ ಲೆಕ್ಕಕ್ಕೆ ಅದು ಸರಿಯೇ. ಸ್ಕ್ರಿಪ್ಟಿಗೆ ರೂಪ ಗೊತ್ತು, ನಿಜ ಗೊತ್ತಿಲ್ಲ. ಹಳೆಯ ಸಿಂಡಿಕೇಟ್ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿರುವ ಐಎಫ್‌ಎಸ್‌ಸಿ ಕೋಡಿನದೂ ಇದೇ ಕಥೆ. 11 ಅಕ್ಷರ, ಐದನೆಯದು ಸೊನ್ನೆ, ಎಲ್ಲವೂ ಸರಿ. ಆದರೆ ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, 2021ರ ಜುಲೈಯಿಂದ ಹಳೆಯ ಕೋಡು ನಡೆಯುವುದಿಲ್ಲ. ರೂಪ ಮಾತ್ರ ನೋಡುವ ಅರ್ಜಿ ಅದನ್ನು ಇಂದಿಗೂ ಹಸಿರು ಗುರುತು ಹಾಕಿ ಒಪ್ಪುತ್ತದೆ.

ನಮಗೆ ನಿಜವಾದ ನಷ್ಟ ಬರುವುದು ಜಮೀನಿನ ವಿಸ್ತೀರ್ಣದಲ್ಲಿ. ಘಟ್ಟದ ಮೇಲೆ ಚಿಕ್ಕಮಗಳೂರು, ಶಿವಮೊಗ್ಗದ ಕಡೆ ನಾವು ಎಕರೆ ಗುಂಟೆಯಲ್ಲಿ ಲೆಕ್ಕ ಹಿಡಿಯುತ್ತೇವೆ, 40 ಗುಂಟೆಗೆ ಒಂದು ಎಕರೆ. 2 ಎಕರೆ 30 ಗುಂಟೆಯನ್ನು 2-30 ಎಂದೋ 2.30 ಎಂದೋ ಬರೆಯುವುದು ರೂಢಿ. ‘ವಿಸ್ತೀರ್ಣ (ಎಕರೆ)’ ಎಂದು ಮಾತ್ರ ಬರೆದಿರುವ ಕಾಲಮ್ಮಿನಲ್ಲಿ 2-30 ಎಂದು ಹಾಕಿದರೆ ಅಡ್ಡಗೆರೆ ಅಂಕಿಯಲ್ಲವೆಂದು ತಳ್ಳುತ್ತದೆ. 2.30 ಎಂದರೆ ಸಂತೋಷದಿಂದ ಒಪ್ಪುತ್ತದೆ. ಆದರೆ ದಶಾಂಶದಲ್ಲಿ ನಮ್ಮ ಜಮೀನು 2.75 ಎಕರೆ. 18 ಗುಂಟೆ ಅಲ್ಲಿಯೇ ಹೋಯಿತು! ಹೆಕ್ಟೇರಿಗೆ ತಂದರೆ 1.11 ಆಗಬೇಕಾದದ್ದು 0.93 ಆಗುತ್ತದೆ. ದಕ್ಷಿಣ ಕನ್ನಡದ, ಕೊಡಗಿನ ಬೆಳೆಗಾರರಿಗೆ ಈ ತೊಡಕಿಲ್ಲ. ಅವರದು ಸೆಂಟ್ಸಿನ ಲೆಕ್ಕ, 100 ಸೆಂಟ್ಸಿಗೆ ಒಂದು ಎಕರೆ, ಅವರ 2.30 ನಿಜವಾಗಿಯೂ 2.30. ಒಂದೇ ಅರ್ಜಿ, ಒಂದೇ ಚುಕ್ಕೆ, ಅವರಲ್ಲಿ ಸರಿ, ನಮ್ಮಲ್ಲಿ ತಪ್ಪು. ಇದನ್ನು ಯಾವ ಸ್ಕ್ರಿಪ್ಟೂ ತಾನಾಗಿ ಹಿಡಿಯಲಾರದು. ಎಕರೆಗೊಂದು, ಗುಂಟೆಗೊಂದು ಪ್ರತ್ಯೇಕ ಕಾಲಂ ಕೊಟ್ಟು, ಗುಂಟೆಯ ಕಾಲಮ್ಮಿನಲ್ಲಿ 39ರ ಮೇಲೆ ಬಂದರೆ ತಡೆಯಬೇಕು, ಅಷ್ಟೇ. ಕಷ್ಟದ ಕೆಲಸವಲ್ಲ.

ಇನ್ನು ಮಿಶ್ರ ಬೆಳೆ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ, ಸಾಲಿನ ನಡುವೆ ಕಾಫಿ, ಇದು ನಮ್ಮ ತೋಟಗಳ ಸ್ವರೂಪ. ಬೆಳೆಗಳ ವಿಸ್ತೀರ್ಣದ ಮೊತ್ತ ಸರ್ವೆ ನಂಬರಿನ ವಿಸ್ತೀರ್ಣವನ್ನು ಮೀರಕೂಡದು ಎಂಬ ನಿಯಮ ಬರೆದವರು ಗದ್ದೆಯನ್ನು ಕಂಡವರು, ತೋಟವನ್ನು ಕಂಡವರಲ್ಲ. 2 ಎಕರೆ ತೋಟದಲ್ಲಿ 2 ಎಕರೆ ಅಡಿಕೆ, 2 ಎಕರೆ ಮೆಣಸು ಎಂದರೆ ಕೆಂಪು ಅಕ್ಷರ. ಆಗ ನಮ್ಮ ಸದಸ್ಯರು ಏನು ಮಾಡುತ್ತಾರೆ? ಒಂದೊಂದು ಎಕರೆ ಎಂದು ಹಂಚಿಬಿಡುತ್ತಾರೆ. ಅರ್ಜಿ ಮುಂದಕ್ಕೆ ಹೋಗುತ್ತದೆ, ಮನಸ್ಸಿಗೆ ನೆಮ್ಮದಿ. ಕೊಳೆರೋಗ ಬಂದ ವರ್ಷ ದಾಖಲೆಯಲ್ಲಿ ಅಡಿಕೆ ಒಂದೇ ಎಕರೆ. ಬರೆದುಕೊಟ್ಟವರು ನೀವೇ ಅಲ್ಲವೇ ಎಂದು ಕೇಳಿದರೆ ಉತ್ತರವಿಲ್ಲ. ಆ ನಿಯಮ ಬರೆದವರ ಹೆಸರು ಅರ್ಜಿಯಲ್ಲಿರುವುದಿಲ್ಲ, ಸಹಿ ನಮ್ಮದಿರುತ್ತದೆ.

ಕಾಫಿ ಬೆಳೆಗಾರರಿಗೆ ಇನ್ನೊಂದು ಸೇರಿಕೊಂಡಿದೆ. ಯುರೋಪಿನ ಒಕ್ಕೂಟ 2023ರಲ್ಲಿ ತಂದ ಅರಣ್ಯನಾಶ ತಡೆ ಕಾಯಿದೆಯಂತೆ ಅಲ್ಲಿಗೆ ಹೋಗುವ ಕಾಫಿ ಯಾವ ಜಮೀನಿನದೆಂದು ಅಕ್ಷಾಂಶ, ರೇಖಾಂಶವನ್ನು ಚುಕ್ಕೆಯ ನಂತರ 6 ಅಂಕಿಗಳವರೆಗೆ ಕೊಡಬೇಕು. ಚಿಕ್ಕಮಗಳೂರಿನ ಅಕ್ಷಾಂಶ 13ರ ಮೇಲೆ, ರೇಖಾಂಶ 75ರ ಮೇಲೆ. ಅದಲು ಬದಲಾಗಿ ಬರೆದರೆ? 75 ಕೂಡ 90ರ ಒಳಗಿರುವುದರಿಂದ ಸಾಧಾರಣ ನಿಯಮ ಅದನ್ನೂ ಒಪ್ಪುತ್ತದೆ, ನಮ್ಮ ರೋಬಸ್ಟಾ ತೋಟ ನಾರ್ವೆಯ ಉತ್ತರಕ್ಕೆ ಸಮುದ್ರದ ಮಧ್ಯೆ ತೇಲುತ್ತದೆ!

ಹೆಸರಿನ ಕಷ್ಟ ಎಲ್ಲರಿಗೂ ಗೊತ್ತಿದ್ದದ್ದೇ. ನಮ್ಮಲ್ಲಿ ಅನೇಕರಿಗೆ ಇನಿಷಿಯಲ್ ಉಂಟು, ಮನೆತನದ ಕೊನೆಯ ಹೆಸರಿಲ್ಲ. ಕೊನೆಯ ಹೆಸರು ಕಡ್ಡಾಯ, ಚುಕ್ಕೆ ನಿಷಿದ್ಧ ಎಂದರೆ ಏನು ಬರೆಯುವುದು? ಕನ್ನಡದಲ್ಲಿ ಬರೆದರೆ ಇನ್ನೂ ವಿಚಿತ್ರ. ಕಂಪ್ಯೂಟರಿನ ಎಣಿಕೆಯಲ್ಲಿ ‘ಕ’ ಅಕ್ಷರ, ಅದಕ್ಕೆ ಹಚ್ಚುವ ಗುಡಿಸು, ಕೊಂಬು ಅಕ್ಷರವಲ್ಲ, ಬರೀ ಗುರುತು. ಅಕ್ಷರ ಮಾತ್ರ ಬರಲಿ ಎಂದು ಬರೆದ ನಿಯಮ ಕಮಲಳನ್ನು ಒಳಗೆ ಬಿಟ್ಟು ಗಿರಿಜೆಯನ್ನು ಹೊರಗೆ ನಿಲ್ಲಿಸುತ್ತದೆ.

ಮರೆಯಾಗುವ ಕಾಲಮ್ಮುಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ‘ಬೋರ್‌ವೆಲ್ ಇದೆಯೇ?’ ಎಂಬುದಕ್ಕೆ ಇದೆ ಎಂದರೆ ಆರ್.ಆರ್. ನಂಬರಿನ ಕಾಲಂ ತೆರೆಯುತ್ತದೆ, ಇಲ್ಲ ಎಂದರೆ ಮುಚ್ಚುತ್ತದೆ. ಮುಚ್ಚಿದಾಗ ಅದರ ‘ಕಡ್ಡಾಯ’ವನ್ನೂ ತೆಗೆಯಲು ತಯಾರಿಸಿದವರು ಮರೆತಿದ್ದರೆ ನಮ್ಮ ಕಣ್ಣಿಗೆ ಕಾಣದ ಆ ಕಾಲಂ ತುಂಬಲಿ ಎಂದು ಅರ್ಜಿ ಕಾಯುತ್ತಾ ಕುಳಿತಿರುತ್ತದೆ. ‘ಸಲ್ಲಿಸು’ ಒತ್ತಿದರೆ ಏನೂ ಆಗುವುದಿಲ್ಲ. ತಪ್ಪು ತೋರಿಸೋಣವೆಂದರೆ ಆ ಕಾಲಮ್ಮೇ ಪರದೆಯ ಮೇಲಿಲ್ಲ. ನಾವು ನೆಟ್‌ವರ್ಕ್ ಇಲ್ಲವೆಂದುಕೊಂಡು ಗುಡ್ಡ ಹತ್ತುತ್ತೇವೆ. ಇದಕ್ಕೆ ವಿರುದ್ಧವಾದದ್ದೂ ಉಂಟು. ಮೊದಲು ಇದೆ ಎಂದು ನಂಬರು ಬರೆದು, ಆಮೇಲೆ ಇಲ್ಲ ಎಂದು ತಿದ್ದಿದರೆ ಕೆಲವು ಅರ್ಜಿಗಳಲ್ಲಿ ಹಳೆಯ ನಂಬರು ಒಳಗೇ ಉಳಿದು ಕಚೇರಿಗೆ ಹೋಗುತ್ತದೆ. ಆದ್ದರಿಂದ ಉತ್ತರ ಬದಲಿಸುವ ಮೊದಲು ಅದರಡಿ ಬರೆದದ್ದನ್ನು ಅಳಿಸತಕ್ಕದ್ದು.

ಅರ್ಜಿ ತಯಾರಿಸುವ ಇಲಾಖೆಗಳಿಂದ ನಾವು ಕೇಳುವುದು ದೊಡ್ಡದೇನಲ್ಲ. ‘ತಪ್ಪಾದ ಮಾಹಿತಿ’ ಎಂದು ಬರೆದು ಕೈತೊಳೆದುಕೊಳ್ಳದೆ ಯಾವ ಕಾಲಂ, ಯಾವ ನಿಯಮ, ಏನು ಬರೆಯಬೇಕು ಎಂಬುದನ್ನು ಕನ್ನಡದಲ್ಲಿ ತಿಳಿಸಲಿ. ಸಲ್ಲಿಸುವ ಮುನ್ನ ‘2 ಎಕರೆ 30 ಗುಂಟೆ, ಸರಿಯೇ?’ ಎಂದು ಒಮ್ಮೆ ಓದಿ ತೋರಿಸಲಿ. ನಿಜವಾದ ವಿವರವನ್ನು ಅರ್ಜಿ ಒಪ್ಪದಿದ್ದಾಗ ಕಾಗದದಲ್ಲಿ ಕೊಟ್ಟದ್ದನ್ನು ಸ್ವೀಕರಿಸಿ ಹಿಂಬರಹ ಕೊಡುವ ಏರ್ಪಾಡಿರಲಿ. ಅದಿಲ್ಲದ ಕಡೆ ಬೆಳೆಗಾರನಿಗೆ ಉಳಿಯುವ ದಾರಿ ಸುಳ್ಳು ಬರೆಯುವುದೊಂದೇ, ಮತ್ತು ಆ ಸುಳ್ಳಿಗೆ ಹೊಣೆ ಅವನೇ.

ಸದಸ್ಯರು ಅರ್ಜಿ ತಳ್ಳಿದೊಡನೆ ಅಂಕಿ ತಿದ್ದಬಾರದು. ಪರದೆಯ ಮೇಲೆ ಬಂದ ಕೆಂಪು ಅಕ್ಷರದ ಚಿತ್ರ ತೆಗೆದುಕೊಂಡು, ಪಹಣಿಯ ಪ್ರತಿಯೊಂದಿಗೆ ಸಂಘದ ಕಚೇರಿಗೆ ಬರಬೇಕು. ಅದಕ್ಕೆಂದೇ ಒಂದು ರಿಜಿಸ್ಟರು ತೆರೆದಿದ್ದೇವೆ. ಒಂದೇ ಕಾಲಮ್ಮಿನ ಮೇಲೆ ಹತ್ತು ದೂರು ಕೂಡಿದೊಡನೆ ಸಂಬಂಧಪಟ್ಟ ಇಲಾಖೆಗೆ ಸಂಘದ ಹೆಸರಿನಲ್ಲಿಯೇ ಬರೆಯುತ್ತೇವೆ. ಬರುವಾಗ ಆಧಾರ್ ಜೋಡಣೆಯಾದ ಮೊಬೈಲನ್ನು ಮನೆಯಲ್ಲಿ ಬಿಟ್ಟು ಬರಬೇಡಿ, ಓಟಿಪಿ ಅದಕ್ಕೇ ಬರುತ್ತದೆ.