ಶಾಸಕರ ಸಂಬಳ: ನಮಗೂ ಲೆಕ್ಕ ಬೇಡವೇ?



ಹಾಲಿನ ಲೆಕ್ಕ, ಕಿರಾಣಿ ಅಂಗಡಿಯ ಲೆಕ್ಕ, ಮಕ್ಕಳ ಫೀಜಿನ ಲೆಕ್ಕ ಎಲ್ಲವೂ ನಮಗೆ ಬಾಯಿಪಾಠ. ಆದರೆ ನಾವೇ ಓಟು ಹಾಕಿ ಕಳಿಸಿದ ಶಾಸಕರಿಗೆ ತಿಂಗಳಿಗೆ ಎಷ್ಟು ಸಂಬಳ ಎಂದು ಯಾರಾದರೂ ಕೇಳಿದರೆ ಥಟ್ಟನೆ ಹೇಳುವವರು ಎಷ್ಟು ಮಂದಿ? "ಅದೆಲ್ಲ ಗಂಡಸರ ವಿಷಯ ಕಣ್ರೀ" ಎಂದು ಸುಮ್ಮನಾಗುವವರೇ ಹೆಚ್ಚು. ಸೋಪು, ಎಣ್ಣೆ, ಪಾತ್ರೆ ಕೊಳ್ಳುವಾಗಲೆಲ್ಲ ತೆರಿಗೆ ಕೊಡುವವರು ನಾವೂ ತಾನೇ? ಹಾಗಾದರೆ ಲೆಕ್ಕ ಕೇಳುವ ಹಕ್ಕೂ ನಮಗಿದೆ.

2022ರಲ್ಲಿ ನಮ್ಮ ರಾಜ್ಯದ ಶಾಸಕರ ಸಂಬಳ 25,000ದಿಂದ 40,000 ರೂಪಾಯಿಗೆ ಏರಿತ್ತು. ಮೂರು ವರ್ಷದ ಮೇಲೆ, 2025ರ ಮಾರ್ಚ್ 21ರಂದು, ಅದನ್ನು 80,000ಕ್ಕೆ ಏರಿಸುವ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ಮುಖ್ಯಮಂತ್ರಿಗಳ ಸಂಬಳ 75,000ದಿಂದ ಒಂದೂವರೆ ಲಕ್ಷಕ್ಕೆ, ಮಂತ್ರಿಗಳದು 60,000ದಿಂದ 1 ಲಕ್ಷದ 25 ಸಾವಿರಕ್ಕೆ. ಕ್ಷೇತ್ರದ ಓಡಾಟ, ಟೆಲಿಫೋನು, ವೈದ್ಯಕೀಯ ವೆಚ್ಚ ಮುಂತಾದ ಭತ್ಯೆಗಳು ಬೇರೆ. ಮಾಜಿಗಳಾದ ಮೇಲೆ ಪಿಂಚಣಿಯೂ ಉಂಟು.

"ಅಬ್ಬಾ, ಇಷ್ಟೊಂದು ಯಾಕೆ? ಸೇವೆ ಮಾಡೋಕೆ ತಾನೇ ಹೋಗಿರೋದು!" ಎಂದು ಮೂಗಿನ ಮೇಲೆ ಬೆರಳಿಡುವ ಮುನ್ನ ಸ್ವಲ್ಪ ತಾಳಿ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಎಂಬ ಪುಟ್ಟ ರಾಜ್ಯದಲ್ಲಿ ಶಾಸಕರಿಗೆ ಎರಡು ವರ್ಷದ ಅವಧಿಗೆ ಕೊಡುವುದು ಬರೀ 200 ಡಾಲರ್. 1889ರಲ್ಲಿ ಗೊತ್ತುಮಾಡಿದ ದರ ಅದು. ಅಷ್ಟು ಹಣದಲ್ಲಿ ಸಂಸಾರ ನಡೆಯುವುದುಂಟೆ? ಬೇರೆ ವರಮಾನ ಇದ್ದವರು ಮಾತ್ರ ಅಂಥ ಸಭೆಗೆ ಹೋಗಬಹುದು. ಸಂಬಳವೇ ಇಲ್ಲದಿದ್ದರೆ ಬಡ ರೈತ, ಶಾಲೆಯ ಮೇಡಂ, ನಮ್ಮಂಥ ಗೃಹಿಣಿ ವಿಧಾನಸಭೆಯ ಮೆಟ್ಟಿಲು ಹತ್ತುವುದು ಕನಸಿನ ಮಾತೇ. 1972ರಲ್ಲಿಯೇ ಕೆ. ಎಸ್. ನಾಗರತ್ನಮ್ಮನವರು ನಮ್ಮ ವಿಧಾನಸಭೆಯ ಅಧ್ಯಕ್ಷೆಯಾಗಿದ್ದರು. ಆದರೂ 2023ರ ಚುನಾವಣೆಯಲ್ಲಿ 224 ಸ್ಥಾನಗಳಿಗೆ ಗೆದ್ದ ಹೆಂಗಸರು ಹತ್ತೇ ಹತ್ತು ಮಂದಿ. ಸ್ವಂತ ಹಣವಿಲ್ಲದ ಹೆಣ್ಣುಮಗಳು ಅಲ್ಲಿಗೆ ಹೋಗಬೇಕಾದರೆ ಸಂಬಳ ಬೇಕೇ ಬೇಕು.

ಹಾಗಾದರೆ ಆಕ್ಷೇಪ ಯಾವುದಕ್ಕೆ? ಏರಿಸಿದ ರೀತಿಗೆ. ಸಂವಿಧಾನದ 195ನೇ ವಿಧಿಯಂತೆ ಶಾಸಕರ ಸಂಬಳವನ್ನು ಶಾಸನಸಭೆಯೇ ಕಾನೂನು ಮಾಡಿ ಗೊತ್ತುಮಾಡುತ್ತದೆ. ಎಂದರೆ ಬಡಿಸುವವರೂ ಅವರೇ, ಉಣ್ಣುವವರೂ ಅವರೇ. ಇಂಥ ಕಡೆ ಬಡಿಸುವ ಕೈ ಇನ್ನಷ್ಟು ಎಚ್ಚರವಾಗಿರಬೇಕಲ್ಲವೇ? ಅಂದು ಸದನದಲ್ಲಿ ಬೇರೆ ವಿಷಯಕ್ಕೆ ಗದ್ದಲವೋ ಗದ್ದಲ. ಆ ಗದ್ದಲದ ನಡುವೆಯೇ, ಚರ್ಚೆ ಇಲ್ಲದೆ, ಮಸೂದೆ ಪಾಸಾಯಿತು. ಬೆಲೆ ಏರಿದೆ, ಸಾಲದು ಎಂದು ನಾಲ್ಕು ಜನರ ಮುಂದೆ ಹೇಳಿ ಕೇಳಿದ್ದರೆ ಜನ ಬೇಡವೆನ್ನುತ್ತಿರಲಿಲ್ಲವೋ ಏನೋ. ಸಂಸತ್ ಸದಸ್ಯರಿಗೆ 2018ರಿಂದ ಬೇರೆ ಪದ್ಧತಿ ಬಂದಿದೆ. ಐದು ವರ್ಷಕ್ಕೊಮ್ಮೆ, ಬೆಲೆಯೇರಿಕೆಯ ಸೂಚ್ಯಂಕ ನೋಡಿ ಏರಿಸುತ್ತಾರೆ. ನಮ್ಮಲ್ಲೂ ಇಂಥದ್ದೊಂದು ಅಳತೆಗೋಲು ಇದ್ದರೆ ಒಳ್ಳೆಯದು.

ಈಗ ಮುಖ್ಯ ಮಾತಿಗೆ ಬರೋಣ. ವಿಧಾನಸಭೆಯ 224, ವಿಧಾನ ಪರಿಷತ್ತಿನ 75, ಒಟ್ಟು 299 ಜನ. ಒಬ್ಬೊಬ್ಬರಿಗೂ 80,000ದಂತೆ ಹಿಡಿದರೆ ವರ್ಷಕ್ಕೆ ಸುಮಾರು 29 ಕೋಟಿ ರೂಪಾಯಿ. ಆದರೆ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಎಂಬುದೊಂದಿದೆ. ಅದಕ್ಕೆ ಒಬ್ಬೊಬ್ಬರಿಗೆ ವರ್ಷಕ್ಕೆ 2 ಕೋಟಿ. ಎಲ್ಲ ಸೇರಿ 598 ಕೋಟಿ! ಸಾಸಿವೆ ಡಬ್ಬಿ ಎಣಿಸುತ್ತಾ ಅಕ್ಕಿ ಮೂಟೆ ಮರೆತ ಹಾಗಾಯಿತು ನಮ್ಮ ಕಥೆ. ಈ ಹಣ ಶಾಸಕರ ಕೈಗೆ ಬರುವುದಿಲ್ಲ. ಅವರು ಕೆಲಸ ಸೂಚಿಸುತ್ತಾರೆ, ಜಿಲ್ಲಾಧಿಕಾರಿಗಳ ಮೂಲಕ ಖರ್ಚಾಗುತ್ತದೆ. ಶಾಲೆಯ ಕೊಠಡಿ, ಕುಡಿಯುವ ನೀರು, ಬಸ್ ತಂಗುದಾಣ, ಸಮುದಾಯ ಭವನ ಇಂಥವಕ್ಕಾಗಿ ಇರುವ ಹಣ ಇದು. ಹೆಣ್ಣುಮಕ್ಕಳ ಶಾಲೆಗೆ ಶೌಚಾಲಯವಿಲ್ಲದೆ ಊರಿನಲ್ಲಿ ಕಮಾನು ಎದ್ದಿದ್ದರೆ ಕೇಳಬೇಕಾದವರು ನಾವು.

ಕೇಳುವುದು ಹೇಗೆ ಅಂತೀರಾ? ಬಲು ಸುಲಭ. ಬಿಳಿ ಹಾಳೆಯಲ್ಲಿ, ಜಿಲ್ಲಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗಳಿಗೆ ಒಂದು ಅರ್ಜಿ ಬರೆಯಿರಿ. "ಮಾಹಿತಿ ಹಕ್ಕು ಕಾಯಿದೆ 2005ರಂತೆ, ನಮ್ಮ ಕ್ಷೇತ್ರದ ಶಾಸಕರ ನಿಧಿಯಿಂದ ಈ ವರ್ಷ ಮಂಜೂರಾದ ಕಾಮಗಾರಿಗಳ ಪಟ್ಟಿ, ಮೊತ್ತ, ಮುಗಿದವು ಯಾವುವು ಎಂಬ ವಿವರ ಕೊಡಿ" ಎಂದಷ್ಟೇ ಸಾಕು. 150 ಪದ ಮೀರಬಾರದು, ಒಂದೇ ವಿಷಯವಿರಬೇಕು. ಜೊತೆಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಬಿ.ಪಿ.ಎಲ್. ಕಾರ್ಡಿದ್ದವರಿಗೆ ಆ ಶುಲ್ಕವೂ ಇಲ್ಲ. ಕಾರಣ ಹೇಳಬೇಕಾಗಿಲ್ಲ. 30 ದಿನದೊಳಗೆ ಉತ್ತರ ಕೊಡಬೇಕೆಂದು ಕಾಯಿದೆಯೇ ಹೇಳುತ್ತದೆ. ಅರ್ಜಿಯ ಒಂದು ನಕಲು ನಿಮ್ಮ ಬಳಿ ಇರಲಿ.

ಒಬ್ಬರೇ ಹೋಗಲು ಅಳುಕಾದರೆ ಮಹಿಳಾ ಸಮಾಜದಲ್ಲೋ ಸ್ವಸಹಾಯ ಸಂಘದಲ್ಲೋ ಮಾತೆತ್ತಿ. ಉತ್ತರ ಬಂದ ದಿನ ನಾಲ್ಕು ಜನ ಕೂತು, ಪಟ್ಟಿಯಲ್ಲಿರುವ ಕೆಲಸ ಊರಿನಲ್ಲಿದೆಯೇ ಎಂದು ನೋಡಿ ಬನ್ನಿ. ಮುಂದಿನ ಸಲ ಓಟು ಕೇಳಲು ಬಂದವರಿಗೆ ಕಾಫಿ ಕೊಡಿ, ಜೊತೆಗೆ ಆ ಪಟ್ಟಿಯನ್ನೂ ಮುಂದಿಡಿ.