ಅರಿವಿನೊಡನೆ ಇರಲಿ ಕರುಣೆ

ಪತ್ರಿಕೆಯ ಮೂಲೆಯಲ್ಲಿ ‘ಕಾಣೆಯಾಗಿದ್ದಾನೆ’ ಎಂಬ ಪ್ರಕಟಣೆಯೊಡನೆ ಎಳೆಯ ಮೊಗವೊಂದನ್ನು ಕಂಡಾಗ ನಮ್ಮ ಕರುಳು ಮಿಡಿಯುತ್ತದೆ. ಆ ಮಗು ನಮ್ಮ ಬಳಗದ್ದಲ್ಲ, ನಮ್ಮ ಊರಿನದಲ್ಲ. ಆದರೂ ಆ ರಾತ್ರಿ ತಾಯಂದಿರು ತಮ್ಮ ಮಕ್ಕಳನ್ನು ಇನ್ನಷ್ಟು ಹತ್ತಿರಕ್ಕೆಳೆದುಕೊಂಡು ಮಲಗುತ್ತಾರೆ. ಬಸವಾದಿ ಶರಣರು ಧರ್ಮದ ಬುಡವೆಂದು ಸಾರಿದ ದಯೆಯು ಮೊಳೆಯುವುದು ಈ ಅಂತಃಕರಣದಲ್ಲಿಯೇ.

ಆದರೆ ಸದ್ಭಕ್ತರೇ, ವಿವೇಕವನ್ನಗಲಿದ ಮಮತೆಯು ಭಯವಾಗುತ್ತದೆ, ಭಯವು ಕ್ರೌರ್ಯವಾಗುತ್ತದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿಯು ಮೊಬೈಲುಗಳಲ್ಲಿ ಹರಿದಾಡಿತು. ಆ ಜುಲೈ ತಿಂಗಳಲ್ಲಿ ಹೈದರಾಬಾದಿನಿಂದ ಬೀದರ ಜಿಲ್ಲೆಗೆ ಬಂದವರು ಮಕ್ಕಳಿಗೆ ಚಾಕೊಲೇಟು ಹಂಚಿದ್ದೇ ಸಂಶಯಕ್ಕೆ ಕಾರಣವಾಗಿ, ಅವರಲ್ಲಿ ಒಬ್ಬ ತರುಣನನ್ನು ಮುರ್ಕಿ ಗ್ರಾಮದಲ್ಲಿ ಗುಂಪು ಬಡಿದು ಕೊಂದಿತು. ಶರಣರ ಕಲ್ಯಾಣವಿರುವ ಜಿಲ್ಲೆಯದು! ಅಪಹೃತವಾದ ಮಗು ಯಾವುದೂ ಇರಲಿಲ್ಲ. ಆದರೆ ಒಂದು ಮನೆಯು ತನ್ನ ಮಗನನ್ನು ಕಳೆದುಕೊಂಡಿತು.

ಹಾಗಾದರೆ ನೊಂದ ಮನವು ಮಾಡಬೇಕಾದುದೇನು? ಜಾತ್ರೆಯಲ್ಲಿ, ಸಂತೆಯಲ್ಲಿ, ರೈಲು ನಿಲ್ದಾಣದಲ್ಲಿ ಮಗುವೊಂದು ಒಂಟಿಯಾಗಿ ಅಳುತ್ತಿದ್ದರೆ ಅದರ ಬಳಿ ನಿಂತು 1098 ಸಂಖ್ಯೆಗೆ ಕರೆ ಮಾಡಬೇಕು. ಮಗುವನ್ನು ಕಾಣದೆ ಕಂಗೆಟ್ಟವರೊಡನೆ ಠಾಣೆಗೆ ಹೋಗಬೇಕು. ಅಂಥ ದೂರನ್ನು ದಾಖಲಿಸಿಕೊಳ್ಳಲೇಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿಯೇ ಆದೇಶಿಸಿದೆ. ಪರಸ್ಥಳದವರ ಮೇಲೆ ಶಂಕೆ ಬಂದರೆ ಪೊಲೀಸರಿಗೆ ತಿಳಿಸಬೇಕೇ ಹೊರತು ಕೈಯೆತ್ತಬಾರದು.

ಕಾಣದ ಮಗುವಿಗಾಗಿ ಕಣ್ಣೀರಿಡುವ ನಾವು, ಕಣ್ಣೆದುರಿನ ಅಪರಿಚಿತನೂ ಒಬ್ಬ ತಾಯಿಯ ಮಗನೆಂಬುದನ್ನು ಮರೆಯದಿರೋಣ.