ಅಡುಗೆಮನೆಯ ಲೆಕ್ಕವನ್ನು ಬಚ್ಚಿಟ್ಟವರು

ಅಕ್ಕಿಗೆಷ್ಟು, ಎಣ್ಣೆಗೆಷ್ಟು, ಔಷಧಕ್ಕೆಷ್ಟು, ಮಕ್ಕಳ ಶುಲ್ಕಕ್ಕೆಷ್ಟು? ರಾಷ್ಟ್ರೀಯ ಮಾದರಿ ಸಮೀಕ್ಷೆಯ ಸಿಬ್ಬಂದಿ ಮನೆಬಾಗಿಲಿಗೆ ಬಂದು ಕೇಳುವ ಪ್ರಶ್ನೆಗಳಿವು. ಮನೆಯೊಡತಿ ನೆನಪಿಸಿಕೊಂಡು ಹೇಳಿದ ಈ ಲೆಕ್ಕವೇ ಬಡತನದ ಅಂದಾಜಿಗೂ ಬೆಲೆ ಸೂಚ್ಯಂಕಕ್ಕೂ ಅರ್ಥಶಾಸ್ತ್ರಜ್ಞರ ಸಂಶೋಧನೆಗೂ ಬುನಾದಿ.

ಈ ಬುನಾದಿಗೇ ಕೊಡಲಿಯೇಟು ಬಿದ್ದದ್ದು 2019ರಲ್ಲಿ. ಆ ವರ್ಷದ ನವೆಂಬರಿನಲ್ಲಿ 2017-18ರ ಸಮೀಕ್ಷೆಯ ವರದಿ ಪತ್ರಿಕೆಯೊಂದಕ್ಕೆ ಸೋರಿಕೆಯಾಯಿತು. ಬೆಲೆಯೇರಿಕೆಯನ್ನು ಕಳೆದು ನೋಡಿದರೆ, 2011-12ರಲ್ಲಿ 1,501 ರೂಪಾಯಿಯಿದ್ದ ತಲಾ ಮಾಸಿಕ ವೆಚ್ಚ 1,446ಕ್ಕೆ ಕುಸಿದಿತ್ತು. ಸರಕಾರ ಮಾಡಿದ್ದೇನು? ದತ್ತಾಂಶದ ಗುಣಮಟ್ಟ ಸರಿಯಿಲ್ಲವೆಂದು ವರದಿಯನ್ನೇ ತಡೆಹಿಡಿಯಿತು.

ದೋಷವಿದ್ದರೆ ಅದನ್ನು ಪರೀಕ್ಷಿಸಬೇಕಾದವರು ಸಂಶೋಧಕರಲ್ಲವೇ? 2009-10 ಬರಗಾಲದ ವರ್ಷವಾಗಿದ್ದರಿಂದ ಅಂದಿನ ಸರಕಾರ 2011-12ರಲ್ಲಿ ಮತ್ತೊಮ್ಮೆ ಸಮೀಕ್ಷೆ ನಡೆಸಿತು. ಆದರೆ ಮೊದಲಿನದನ್ನು ಬಚ್ಚಿಡಲಿಲ್ಲ. ಎರಡನ್ನೂ ಜನರ ಮುಂದಿಟ್ಟಿತು. ಅದು ಪ್ರಾಮಾಣಿಕತೆ. ಮುಖ ಅಂದವಾಗಿಲ್ಲವೆಂದು ಕನ್ನಡಿಯನ್ನೇ ಒಡೆಯುವುದನ್ನು ಏನೆಂದು ಕರೆಯೋಣ?

2024ರ ಫೆಬ್ರವರಿಯಲ್ಲಿ 2022-23ರ ಅಂಕಿಅಂಶಗಳು ಹೊರಬಂದವು. ಗ್ರಾಮಗಳಲ್ಲಿ ತಲಾ ಮಾಸಿಕ ವೆಚ್ಚ 3,773 ರೂಪಾಯಿ, ನಗರಗಳಲ್ಲಿ 6,459. ಬಡತನ ಶೇ. 5ಕ್ಕಿಂತ ಕೆಳಗಿಳಿದಿರಬಹುದೆಂದು ನೀತಿ ಆಯೋಗದ ಮುಖ್ಯಸ್ಥರು ಸಾರಿದರು. ಆದರೆ ಒಂದೇ ಭೇಟಿಯಲ್ಲಿ ಕೇಳುತ್ತಿದ್ದುದನ್ನು ಈ ಬಾರಿ ಮೂರು ಭೇಟಿಗಳಲ್ಲಿ ಕೇಳಲಾಗಿತ್ತು. ಅಳತೆಗೋಲೇ ಬದಲಾದ ಮೇಲೆ ಹಳೆಯದರೊಡನೆ ನೇರ ಹೋಲಿಕೆ ಹೇಗೆ ಸಾಧ್ಯ? ನಡುವಿನ 2017-18ರ ಮೆಟ್ಟಿಲನ್ನು ಕಿತ್ತುಹಾಕಿದವರೇ ಏಣಿಯ ಎತ್ತರವನ್ನು ಹೊಗಳುತ್ತಿದ್ದಾರೆ.

ಇದು ಪಂಡಿತರ ಜಗಳವೆಂದು ನಾವು ಸುಮ್ಮನಿರುವಂತಿಲ್ಲ. 2006ರಲ್ಲಿ ಸಾಚಾರ್ ಸಮಿತಿಯು ಮುಸ್ಲಿಮರ ಸ್ಥಿತಿಯನ್ನು ದೇಶದ ಮುಂದೆ ತೆರೆದಿಟ್ಟಾಗ ಅದರ ಕೈಯಲ್ಲಿದ್ದ ಪ್ರಬಲ ಸಾಕ್ಷ್ಯಗಳಲ್ಲಿ 2004-05ರ ಇದೇ ಸಮೀಕ್ಷೆಯೂ ಒಂದು. 'ತುಷ್ಟೀಕರಣ'ದ ಆರೋಪಕ್ಕೆ ಉತ್ತರ ದೊರೆತದ್ದು ಭಾಷಣಗಳಿಂದಲ್ಲ, ಅಂಕಿಗಳಿಂದ.

ಆದ್ದರಿಂದ ನಮ್ಮ ಹೊಣೆಯೂ ಇದೆ. ಲೆಕ್ಕ ಕೇಳಲು ಬಂದವರನ್ನು ಕಂಡು ಭಯಪಡುವುದು, ಬಾಗಿಲು ಮುಚ್ಚುವುದು, ಮಾನಕ್ಕಂಜಿ ಸಾಲವನ್ನು ಮರೆಮಾಚುವುದು ನಮಗೇ ನಷ್ಟ. ಗುರುತಿನ ಚೀಟಿಯನ್ನು ಪರಿಶೀಲಿಸೋಣ, ಉದ್ದೇಶವನ್ನು ಕೇಳೋಣ, ಬಳಿಕ ಇದ್ದದ್ದನ್ನು ಇದ್ದಂತೆ ಹೇಳೋಣ. ಹಾಗೆ ನಂಬಿ ಒಪ್ಪಿಸಿದ ಲೆಕ್ಕವನ್ನು ಬಚ್ಚಿಡುವ ಅಧಿಕಾರ ಯಾವ ಸರಕಾರಕ್ಕೂ ಇಲ್ಲ. 2017-18ರ ದತ್ತಾಂಶ ದೋಷಗಳ ಸಮೇತ ಬಹಿರಂಗವಾಗಲಿ. ಹಸಿದವನ ಲೆಕ್ಕವನ್ನು ಮುಚ್ಚಿಟ್ಟರೆ ಹಸಿವು ಇಂಗುವುದಿಲ್ಲ.